ತ್ರಿಶೂಲ ಸಿಕ್ಕಿತು, ತೀರ್ಮಾನ ಸಿಗಲಿಲ್ಲ

ಬಯಲಾಟ ಮುಗಿದ ಮರುದಿನ ಬೆಳಿಗ್ಗೆ ಊರ ಕಟ್ಟೆಯ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡಿದವರು ಒಂದೊಂದೇ ಪಾತ್ರವನ್ನು ಎತ್ತಿಕೊಂಡು ತೂಗುತ್ತಾರೆ. ಭೀಮನ ಕುಣಿತ ಜೋರಾಗಿತ್ತು, ಶಕುನಿಯ ನಗೆ ಹಿಡಿಸಿತು, ದುಶ್ಶಾಸನನ ಗಂಟಲು ನಡುರಾತ್ರಿಗೇ ಕೈಕೊಟ್ಟಿತು ಎಂಬ ಮಾತೆಲ್ಲ ಆದ ಮೇಲೆ ಯಾರೋ ಒಬ್ಬ ಹಿರಿಯ ಬೀಡಿಯ ಬೂದಿ ಕೊಡವುತ್ತ ಹೇಳುತ್ತಾನೆ: ‘ದ್ರೌಪದಿ ಮಾತ್ರ ಪಾತ್ರ ಆಗಲಿಲ್ಲ ಬಿಡಪ್ಪ, ಬರೀ ಸೀರೆ ಆಯ್ತು.’ ಜಗಳೂರು ಸೀಮೆಯ ಹಳ್ಳಿಗಳಲ್ಲಿ ಆಟ ನೋಡಿ ಬೆಳೆದವರಿಗೆ ಈ ಬಗೆಯ ವಿಮರ್ಶೆ ಹೊಸದಲ್ಲ. ಸೀರೆ, ಕಿರೀಟ, ಭುಜಕೀರ್ತಿ ಎಷ್ಟೇ ಮಿನುಗಲಿ, ಒಳಗೆ ಒಬ್ಬಳು ಹೆಣ್ಣು ಇದ್ದಾಳೆಂದು ನೋಡುವವನಿಗೆ ಅನ್ನಿಸದಿದ್ದರೆ ಆಟ ಕೆಟ್ಟಂತೆಯೇ.

ಆ ಹಿರಿಯರ ಮೊಮ್ಮಕ್ಕಳ ಆಟ ಬೇರೆ. ರಜೆ ಬಂತೆಂದರೆ ಚನ್ನಗಿರಿಯ ಅಡಿಕೆ ತೋಟದ ಮನೆಯಿರಲಿ, ಹೊನ್ನಾಳಿಯ ಪೇಟೆ ಮನೆಯಿರಲಿ, ನ್ಯಾಮತಿಯಿರಲಿ, ಜಗಳೂರಿರಲಿ, ಫ್ಯಾನಿನ ಕೆಳಗೆ ಒಂದು ತಲೆ ಮೊಬೈಲಿನ ಮೇಲೆ ಬಾಗಿರುತ್ತದೆ. ದೊಡ್ಡ ಆಟಗಳನ್ನು ಆಡುವ ಯಂತ್ರ ಮನೆಯಲ್ಲಿಲ್ಲದವರು ಬೇರೆ ಯಾರೋ ಆಡುವುದನ್ನು ಯೂಟ್ಯೂಬಿನಲ್ಲಿ ನೋಡುತ್ತಾರೆ. ಪರದೆಯ ಮೇಲೆ ಒಬ್ಬ ಹುಡುಗಿ ಗೋಡೆ ಹತ್ತುತ್ತಾಳೆ, ಹಾರುತ್ತಾಳೆ, ರಾಕ್ಷಸರನ್ನು ತಿವಿಯುತ್ತಾಳೆ. ಇದರ ಬಗ್ಗೆ ತಾಯಿಯ ವಿಮರ್ಶೆ ಒಂದೇ ಸಾಲಿನದು: ‘ಅದನ್ನ ಕೆಳಗಿಡ್ತೀಯೋ ಇಲ್ವೋ?’ ತಂದೆಯ ವಿಮರ್ಶೆ ಅಂಕಪಟ್ಟಿ ಬಂದ ದಿನ. ಎಷ್ಟು ಹೊತ್ತು ಆಡಿದೆ ಎಂದು ಕೇಳುವವರು ಮನೆತುಂಬ ಇದ್ದಾರೆ. ಆ ಹುಡುಗಿ ಪಾತ್ರ ಆದಳೋ, ಬರೀ ಸೀರೆ ಆದಳೋ ಎಂದು ಕೇಳುವವರಿಲ್ಲ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಾತು ಬೇರೆ. ಅವನ್ನು 2025ರಲ್ಲಿ ಸಂಸತ್ತು ಕಾಯ್ದೆ ಮಾಡಿಯೇ ನಿಷೇಧಿಸಿತು. ಆದರೆ ಕಥೆ ಹೇಳುವ ಆಟಗಳೂ ಇವೆ, ಅವುಗಳಲ್ಲಿ ನಾಯಕಿಯರಿದ್ದಾರೆ. ಒಂದು ಕಾದಂಬರಿಯ ಜೊತೆಗೋ ಸಿನಿಮಾದ ಜೊತೆಗೋ ಕಳೆಯುವುದಕ್ಕಿಂತ ಹೆಚ್ಚು ಹೊತ್ತನ್ನು ಮಕ್ಕಳು ಈ ನಾಯಕಿಯರ ಜೊತೆ ಕಳೆಯುತ್ತಾರೆ. ಇವರು ಎಂಥವರು, ಇವರ ಸ್ವಭಾವ ನಂಬುವಂಥದೇ, ಕಥೆ ಮುಗಿಯುವ ಹೊತ್ತಿಗೆ ಇವರು ಬೆಳೆದಿರುತ್ತಾರೆಯೇ ಎಂದು ಕಟ್ಟೆಯ ಹಿರಿಯರಂತೆ ತೂಗಿ ನೋಡಿದರೆ ತಪ್ಪೇನಿಲ್ಲ.

ಪಣಕ್ಕೆ ಬಿದ್ದವಳು

ಆಟಕ್ಕೂ ಹೆಣ್ಣಿಗೂ ಇರುವ ನಂಟು ಹಳೆಯದು, ಅಷ್ಟೇನೂ ಒಳ್ಳೆಯದಲ್ಲ. ಮಹಾಭಾರತದ ಜೂಜಿನ ಸಭೆಯಲ್ಲಿ ದ್ರೌಪದಿ ದಾಳ ಹಿಡಿದವಳಲ್ಲ, ಪಣಕ್ಕೆ ಬಿದ್ದವಳು. ಆದರೂ ಸುಮ್ಮನೆ ಸಭೆಗೆ ನಡೆದು ಬರಲಿಲ್ಲ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ಕೇಳಿ ಕಳಿಸಿದಳು. ತನ್ನನ್ನೇ ಸೋತುಕೊಂಡವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಭೀಷ್ಮನಂಥ ಭೀಷ್ಮನೂ ಉತ್ತರ ಹೇಳಲಾರದೆ ತಡವರಿಸಿದ. ಆ ಒಂದು ಪ್ರಶ್ನೆಯಿಂದಲೇ ಪಣದ ವಸ್ತು ಪಾತ್ರವಾಯಿತು. ಬಯಲಾಟದ ಪಾತ್ರಧಾರಿ ಆ ಪ್ರಶ್ನೆಯನ್ನು ನುಂಗಿಬಿಟ್ಟರೆ ಉಳಿಯುವುದು ಸೀರೆ ಎಂದು ಕಟ್ಟೆಯ ಹಿರಿಯ ಹೇಳಿದ್ದು ಅದಕ್ಕೇ.

ವಿಡಿಯೊ ಗೇಮ್ ಎಂಬ ಹೊಸ ಆಟವೂ ಇದೇ ಹಾದಿಯಲ್ಲಿ ಬಂತು. ಜಪಾನಿನ ನಿಂಟೆಂಡೊ ಕಂಪನಿ 1981ರಲ್ಲಿ ತಂದ ‘ಡಾಂಕಿ ಕಾಂಗ್’ನಲ್ಲಿ ದೊಡ್ಡ ಗೊರಿಲ್ಲವೊಂದು ಹೆಂಗಸೊಬ್ಬಳನ್ನು ಎತ್ತಿಕೊಂಡು ಹೋಗಿ ಕಟ್ಟಡದ ನೆತ್ತಿಯಲ್ಲಿ ಕೂರಿಸುತ್ತದೆ. ಕೆಳಗಿನಿಂದ ಹಾರುತ್ತ ಹತ್ತುತ್ತ ಬರುವ ಬಡಗಿ ಅವಳನ್ನು ಬಿಡಿಸಬೇಕು. ಅವಳ ಕೆಲಸ ಕೂಗಿಕೊಳ್ಳುವುದು. ಅದೇ ಬಡಗಿ ಮುಂದೆ ಮಾರಿಯೊ ಆಗಿ 1985ರಲ್ಲಿ ರಾಜಕುಮಾರಿಯೊಬ್ಬಳನ್ನು ಹುಡುಕಿ ಹೊರಟ. ಕೋಟೆಯ ಮೇಲೆ ಕೋಟೆ ಗೆದ್ದರೂ ಅವಳು ಬೇರೆಲ್ಲೋ ಇರುತ್ತಾಳೆ. ಇಬ್ಬರೂ ಹೆಂಗಸರು ಪಣಗಳೇ, ಪ್ರಶ್ನೆ ಕೇಳದ ಪಣಗಳು.

1986ರ ‘ಮೆಟ್ರಾಯ್ಡ್’ ಒಂದು ತಮಾಷೆ ಮಾಡಿತು. ಉಕ್ಕಿನ ಕವಚ ತೊಟ್ಟ ವೀರನನ್ನು ಆಡಿಸುತ್ತ ಆಟವನ್ನು ಬೇಗ ಮುಗಿಸಿದವರಿಗೆ ಕೊನೆಯಲ್ಲಿ ಶಿರಸ್ತ್ರಾಣ ಕಳಚಿ ಮುಖ ತೋರಿಸಿದರೆ, ಆ ವೀರ ಹೆಣ್ಣು! ಅಚ್ಚರಿ ಚೆನ್ನಾಗಿತ್ತು. ಆದರೆ ಅಷ್ಟು ಹೊತ್ತು ಅವಳು ಹೆಣ್ಣೋ ಗಂಡೋ ಎಂಬುದರಿಂದ ಆಟಕ್ಕೆ ಏನೂ ಆಗಬೇಕಾಗಿರಲಿಲ್ಲ.

1996ರಲ್ಲಿ ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಸಂಸ್ಥೆ ‘ಟೂಂಬ್ ರೈಡರ್’ ಆಟದಲ್ಲಿ ಲಾರಾ ಕ್ರಾಫ್ಟ್‌ಳನ್ನು ತಂದಿತು. ಪಾಳು ಗುಡಿ, ಗೋರಿಗಳಲ್ಲಿ ಎರಡು ಕೈಗೂ ಪಿಸ್ತೂಲು ಹಿಡಿದು ಓಡಾಡುವ ಈ ಹೆಣ್ಣು ಜಗತ್ತಿನಾದ್ಯಂತ ಹೆಸರಾದಳು. ಚಿತ್ರಗಳಲ್ಲಿ, ಜಾಹೀರಾತುಗಳಲ್ಲಿ ಅವಳನ್ನು ಮೆರೆಸಿದ್ದು ಮಾತ್ರ ಹೆಚ್ಚಾಗಿ ಮೈಕಟ್ಟಿಗಾಗಿ. 2013ರಲ್ಲಿ ಕ್ರಿಸ್ಟಲ್ ಡೈನಮಿಕ್ಸ್ ಸಂಸ್ಥೆ ಅವಳ ಕಥೆಯನ್ನು ಮೊದಲಿನಿಂದ ಹೊಸದಾಗಿ ಹೇಳಿತು. ಲೇಖಕಿ ರಿಯಾನಾ ಪ್ರ್ಯಾಚೆಟ್ ಅವಳನ್ನು ಹಡಗು ಒಡೆದು ದ್ವೀಪಕ್ಕೆ ಬಿದ್ದ, ಹೆದರುವ, ನೋಯುವ ಹುಡುಗಿಯನ್ನಾಗಿ ಬರೆದರು. ಮೊದಲ ಬಾರಿ ಒಬ್ಬನನ್ನು ಕೊಲ್ಲಬೇಕಾಗಿ ಬಂದಾಗ ಲಾರಾ ನಡುಗುತ್ತಾಳೆ, ಅಳುತ್ತಾಳೆ. ನೋಡುವವರ ಕರುಳು ಚುರ್ ಎನ್ನುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಆಡುವವರ ಹೆಬ್ಬೆರಳ ಅಡಿಯಲ್ಲಿ ಅದೇ ಲಾರಾ ಸಾಲುಸಾಲಾಗಿ ಜನರನ್ನು ಉರುಳಿಸುತ್ತಾಳೆ, ಪ್ರತಿ ಸಾವಿಗೂ ಅಂಕ ಸೇರುತ್ತದೆ. ಕಥೆಯ ಲಾರಾ ಒಬ್ಬಳು, ಕೈಯ ಲಾರಾ ಇನ್ನೊಬ್ಬಳು.

ಹೊನ್ನಾಳಿ ಹೊಡೆತ

‘ಹೊನ್ನಾಳಿ ಹೊಡೆತ’ ಎಂಬ ಮಾತು ಕನ್ನಡದಲ್ಲಿ ಗಾದೆಯಂತೆ ಬಳಕೆಯಾಗುತ್ತದೆ. ವಿಡಿಯೊ ಗೇಮುಗಳಲ್ಲಿ ಹೊನ್ನಾಳಿ ಹೊಡೆತಕ್ಕೆ ಬರವಿಲ್ಲ, ಗುಂಡಿ ಒತ್ತಿದರೆ ಸಾಕು. ಆ ಹೊಡೆತದ ಹಿಂದೆ ಹೊಡೆಯುವವಳು ಯಾರಾದರೂ ಇದ್ದಾಳೆಯೇ ಎಂದು ನೋಡಬೇಕು.

ಕಾದಂಬರಿಯಲ್ಲಿ ನಾಯಕಿ ಧೈರ್ಯವಂತೆ ಎಂದು ಲೇಖಕ ಬರೆಯಬಹುದು. ಸಿನಿಮಾದಲ್ಲಿ ನಟಿ ಕಣ್ಣಲ್ಲೇ ಅದನ್ನು ತೋರಿಸಬಹುದು. ಆಟದಲ್ಲಿ ಅವೆರಡೂ ಇದ್ದರೂ ಮೂರನೆಯದೊಂದು ಇರುತ್ತದೆ: ಆಡುವವರ ಕೈ. ಗಂಟೆಗಟ್ಟಲೆ ಆ ಕೈ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೋ ಅದೇ ನಾಯಕಿಯ ಸ್ವಭಾವವಾಗಿ ಆಡುವವರ ಮನಸ್ಸಿನಲ್ಲಿ ಕೂರುತ್ತದೆ. ನಡುನಡುವೆ ಬರುವ ಕಥೆಯ ದೃಶ್ಯಗಳಲ್ಲಿ ಅವಳು ಎಷ್ಟೇ ಕರುಣಾಮಯಿಯಾಗಿರಲಿ, ಕೈ ಮಾಡಿದ ಕೆಲಸವೆಲ್ಲ ತಿವಿತವೇ ಆಗಿದ್ದರೆ ಕೊನೆಗೆ ಉಳಿಯುವುದು ತಿವಿತ. ಪಾತ್ರದ ಬೆಳವಣಿಗೆಗೂ ಇದೇ ಲೆಕ್ಕ. ಆಟದ ಶುರುವಿನಲ್ಲಿ ಕೈ ಮಾಡಲಾಗದ್ದನ್ನು ಕೊನೆಯಲ್ಲಿ ಮಾಡಲು ಕಲಿತಿರಬೇಕು, ಆ ಕಲಿಕೆಗೆ ಕಥೆಯಲ್ಲಿ ಒಂದು ಕಾರಣವೂ ಇರಬೇಕು. ಎರಡೂ ಒಂದೇ ದಾರಿಯಲ್ಲಿ ನಡೆದರೆ ನಾಯಕಿ ಬೆಳೆದಂತೆ. ಇಲ್ಲವಾದರೆ ಅವಳ ಆಯುಧ ಮಾತ್ರ ಬೆಳೆದಂತೆ.

ಈ ತಕ್ಕಡಿಯಲ್ಲಿ ಭಾರತದ್ದೇ ಒಬ್ಬ ನಾಯಕಿಯನ್ನು ತೂಗಬಹುದು. ಅವಳ ಹೆಸರು ರಾಜಿ.

ರಾಜಿಯ ಕಥೆ

‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ಸಂಸ್ಥೆಯ ಆಟ. 2017ರಲ್ಲಿ ಜನರಿಂದ ಚಂದಾ ಎತ್ತಿ ಹಣ ಕೂಡಿಸಲು ನೋಡಿದರು, ಆಗಲಿಲ್ಲ. ಕೈಚೆಲ್ಲಿ ಕೂರದೆ ಕೆಲಸ ಮುಂದುವರಿಸಿದರು. 2020ರ ಆಗಸ್ಟಿನಲ್ಲಿ ಮೊದಲು ನಿಂಟೆಂಡೊ ಸ್ವಿಚ್ ಯಂತ್ರಕ್ಕೆ, ಅಕ್ಟೋಬರಿನಲ್ಲಿ ಕಂಪ್ಯೂಟರಿಗೂ ಉಳಿದ ಯಂತ್ರಗಳಿಗೂ ಆಟ ಬಂತು. ಭಾರತದ ಪುರಾಣವನ್ನು ಆಧಾರವಾಗಿಟ್ಟುಕೊಂಡು ಭಾರತದಲ್ಲೇ ಕಟ್ಟಿದ ಆಟವೊಂದು ಹೀಗೆ ಹೊರದೇಶದ ಅಂಗಳದಲ್ಲಿ ಸರಿಸಮನಾಗಿ ನಿಂತದ್ದು ದೊಡ್ಡ ಮಾತು.

ಕಥೆ ಸರಳ. ರಾಜಿ ಜಾತ್ರೆಯಲ್ಲಿ ಕಸರತ್ತು ತೋರಿಸಿ ಬದುಕುವ ಹುಡುಗಿ. ತಮ್ಮ ಗೋಲು ಗೊಂಬೆಯಾಟ ಆಡಿಸುವವನು. ರಾಕ್ಷಸರು ದಾಳಿಯಿಟ್ಟು ಮಕ್ಕಳನ್ನು ಹೊತ್ತೊಯ್ಯುತ್ತಾರೆ, ಗೋಲುವನ್ನೂ. ಅವರ ಒಡೆಯ ಮಹಾಬಲಾಸುರ. ದುರ್ಗೆ ರಾಜಿಯನ್ನು ಆರಿಸಿ ತ್ರಿಶೂಲ ಕೊಡುತ್ತಾಳೆ. ಮುಂದೆ ಬಿಲ್ಲು ಸಿಗುತ್ತದೆ, ಕತ್ತಿ ಗುರಾಣಿಗಳು ಸಿಗುತ್ತವೆ. ಕೋಟೆ, ಅರಮನೆ, ಗುಡಿಗಳನ್ನು ದಾಟುತ್ತ ತಮ್ಮನನ್ನು ಹುಡುಕಿ ಹೊರಡುವುದೇ ಆಟ.

ಮೊದಲು ಒಳ್ಳೆಯದನ್ನು ಹೇಳಬೇಕು. ರಾಜಿಯ ಮೈಯಲ್ಲಿ ಅವಳ ಕಸುಬು ಇದೆ. ಕಂಬ ಕಂಡರೆ ಅದನ್ನು ಹಿಡಿದು ಗಿರಕಿ ಹೊಡೆಯುತ್ತಾಳೆ. ಗೋಡೆಯ ಮೇಲೆ ನಾಲ್ಕು ಹೆಜ್ಜೆ ಓಡಿ ಅಲ್ಲಿಂದ ಹಾರಿ ಬೀಳುತ್ತಾಳೆ. ಇದು ಸೈನಿಕನ ಹೊಡೆದಾಟವಲ್ಲ, ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆದವಳದು. ಆಡುವವರ ಕೈಗೆ ಇದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ, ಯಾರೂ ವಿವರಿಸಬೇಕಿಲ್ಲ. ಎರಡನೆಯದು, ತಮ್ಮನ ಮೇಲಿನ ಅಕ್ಕರೆ. ತಾಯಿ ಗದ್ದೆ ಕೆಲಸಕ್ಕೆ ಹೋದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕಂದಿರು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ‘ಅವನು ಎಲ್ಲಿ?’ ಎಂಬ ಒಂದೇ ಹಂಬಲದಲ್ಲಿ ಓಡುವ ಅಕ್ಕನನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಪುರಾಣ ಬೇಕಿಲ್ಲ. ಅಲ್ಲದೆ ಹಳೆಯ ಪಟ್ಟು ಇಲ್ಲಿ ತಿರುಗಿದೆ: ಪಣಕ್ಕೆ ಬಿದ್ದವನು ಹುಡುಗ, ಬಿಡಿಸಲು ಹೊರಟವಳು ಹುಡುಗಿ. ಆದ್ದರಿಂದ ರಾಜಿಯ ಸ್ವಭಾವ ಕೂತಿದೆ ಎಂದು ಧೈರ್ಯವಾಗಿ ಹೇಳಬಹುದು. ಅವಳು ಬರೀ ಸೀರೆಯಲ್ಲ.

ಅವಳು ಬೆಳೆದಳೇ ಎಂದು ಕೇಳಿದರೆ ಮಾತ್ರ ತಕ್ಕಡಿ ಅಲ್ಲಾಡುತ್ತದೆ. ಆಟದುದ್ದಕ್ಕೂ ದುರ್ಗೆ ಮತ್ತು ವಿಷ್ಣು ಮೇಲಿನಿಂದ ನೋಡುತ್ತ ತಮ್ಮತಮ್ಮಲ್ಲೇ ಮಾತಾಡುತ್ತಿರುತ್ತಾರೆ. ಈ ಹುಡುಗಿ ಗೆಲ್ಲುತ್ತಾಳೆಯೇ, ಇವಳನ್ನು ಏಕೆ ಆರಿಸಬೇಕಿತ್ತು ಎಂಬ ಚರ್ಚೆ ಅವರದು. ಮಾತು ಸೊಗಸಾಗಿದೆ, ಸೂತ್ರಧಾರ ಮತ್ತು ಭಾಗವತರ ನೆನಪು ತರುತ್ತದೆ. ಆದರೆ ರಾಜಿಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಅವರೇ ಹೇಳಿಬಿಡುತ್ತಾರೆ. ಅವಳನ್ನು ಆರಿಸಿದವರು ಅವರು, ಆಯುಧ ಕೊಟ್ಟವರು ಅವರು, ದಾರಿ ತೋರಿದವರು ಅವರು. ಕವಲುದಾರಿಯಲ್ಲಿ ನಿಂತು ಇದೋ ಅದೋ ಎಂದು ಅವಳು ಆರಿಸಿ ಅದರ ಬೆಲೆ ತೆರುವ ಗಳಿಗೆ ಬರುವುದೇ ಇಲ್ಲ. ಐದಾರು ಗಂಟೆಯ ಆಟದಲ್ಲಿ ಅವಳ ಆಯುಧಗಳಿಗೆ ಹೊಸ ಶಕ್ತಿಗಳು ಸೇರುತ್ತವೆ. ಅವಳ ಮನಸ್ಸು ಶುರುವಿನಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಕೊನೆಗೆ ಕಥೆ ಒಂದು ತಿರುವಿಗೆ ಬಂದು ದಿಢೀರನೆ ನಿಂತುಬಿಡುತ್ತದೆ. ಆಟ ಬಂದಾಗ ವಿಮರ್ಶಕರು ಹಲವರು ಈ ಕೊನೆಯ ಬಗ್ಗೆ ಗೊಣಗಿದ್ದು ಸುಳ್ಳಲ್ಲ.

ದೇವರು ಆರಿಸುವ ಕಥೆಯಲ್ಲಿ ಹೀಗಾಗಲೇಬೇಕು ಎಂದೇನಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯಲ್ಲಿ ಸೂರಗೊಂಡನಕೊಪ್ಪ ಎಂಬ ಊರಿದೆ. ಲಂಬಾಣಿಗಳ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರತಿ ಫೆಬ್ರವರಿಯಲ್ಲಿ ಅಲ್ಲಿಗೆ ಭಕ್ತರ ಸಾಗರವೇ ಹರಿದು ಬರುತ್ತದೆ. ತಾಂಡಾಗಳಲ್ಲಿ ಹೇಳುವ ಕಥೆಯೊಂದರಲ್ಲಿ ಮರಿಯಮ್ಮ ದೇವಿ ಸೇವಾಲಾಲರನ್ನು ತನ್ನ ಭಕ್ತನಾಗೆಂದು ಕೇಳುತ್ತಾಳೆ. ಅವರು ಒಪ್ಪುವುದಿಲ್ಲ. ದೇವಿ ಕಷ್ಟದ ಮೇಲೆ ಕಷ್ಟ ತಂದೊಡ್ಡುತ್ತಾಳೆ, ಎಳೆದಾಟ ಬಹಳ ದಿನ ನಡೆಯುತ್ತದೆ. ಕೊನೆಗೆ ಒಪ್ಪುತ್ತಾರೆ. ಒಪ್ಪುವ ಮೊದಲು ‘ಒಲ್ಲೆ’ ಎಂದಿದ್ದರಿಂದಲೇ ಆ ಒಪ್ಪಿಗೆಗೆ ತೂಕ ಬಂತು, ದೇವಿಗೂ ಭಕ್ತನಿಗೂ ಒಂದು ಸಂಬಂಧ ಕುದುರಿತು. ರಾಜಿಗೆ ದುರ್ಗೆಯ ಮುಂದೆ ಒಂದೇ ಒಂದು ಸಲ ‘ಯಾಕೆ ನಾನೇ?’ ಎಂದು ಜಗಳವಾಡುವ ಅವಕಾಶ ಸಿಕ್ಕಿದ್ದರೆ ಅವಳ ಕಥೆ ಎಷ್ಟು ಎತ್ತರಕ್ಕೆ ಏರುತ್ತಿತ್ತೋ!

ಒನಕೆ ಹಿಡಿದವಳಿಗೆ ಬೆಳವಣಿಗೆ ಬೇಕೇ?

ಇಲ್ಲಿ ಯಾರಾದರೂ ಆಕ್ಷೇಪ ಎತ್ತಬಹುದು. ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವ ತನಕ ಚಿತ್ರದುರ್ಗದ ತಾಲ್ಲೂಕಾಗಿತ್ತು. ಅಲ್ಲಿಯ ಮಕ್ಕಳು ಒನಕೆ ಓಬವ್ವನ ಕಥೆ ಕೇಳಿಯೇ ಬೆಳೆದವರು. ಹೈದರಾಲಿಯ ಸೈನಿಕರು ದುರ್ಗದ ಕೋಟೆಯ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರುತ್ತಾರೆ. ಕಾವಲುಗಾರನ ಹೆಂಡತಿ ಓಬವ್ವ, ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ, ಒನಕೆ ಎತ್ತಿ ಒಬ್ಬೊಬ್ಬರನ್ನೇ ಬಡಿದು ಪಕ್ಕಕ್ಕೆ ಎಳೆಯುತ್ತಾಳೆ. ಒಂದು ಕಿಂಡಿ, ಒಂದು ಆಯುಧ, ಒಬ್ಬರ ಹಿಂದೆ ಒಬ್ಬರಂತೆ ಶತ್ರುಗಳು! ಕಂಪ್ಯೂಟರ್ ಹುಟ್ಟುವ ಮೊದಲೇ ಇದ್ದ ವಿಡಿಯೊ ಗೇಮ್ ಎಂದರೂ ನಡೆದೀತು. ಓಬವ್ವನಿಗೆ ಯಾವ ಬೆಳವಣಿಗೆ ಇದೆ? ಅವಳ ಬದುಕಿನ ಒಂದು ಹೊತ್ತು ಮಾತ್ರ ಜನಕ್ಕೆ ಗೊತ್ತು. ಆದರೂ ಅವಳು ಮರೆಯಲಾಗದ ನಾಯಕಿ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಕೆಲವೇ ನಿಮಿಷ ಓಬವ್ವನಾಗಿ ಬಂದು ಹೋದದ್ದನ್ನು ಜನ ಇಂದಿಗೂ ಮರೆತಿಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿ ಆಚರಿಸುತ್ತಿದೆ. ಹಾಗಾದರೆ ರಾಜಿಗೆ ಮಾತ್ರ ಬೆಳವಣಿಗೆ ಬೇಕು ಎನ್ನುವುದು ಯಾವ ನ್ಯಾಯ?

ಆಕ್ಷೇಪದಲ್ಲಿ ಹುರುಳಿದೆ. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಒನಕೆಯನ್ನು ಓಬವ್ವನಿಗೆ ಯಾವ ದೇವರೂ ಕೊಡಲಿಲ್ಲ. ದಿನಾ ಬೆಳಿಗ್ಗೆ ಕುಟ್ಟಿ ಕುಟ್ಟಿ ಅವಳ ರಟ್ಟೆಗೆ ಅದರ ತೂಕ ಗೊತ್ತಿತ್ತು. ಆಯುಧವೂ ಸ್ವಭಾವವೂ ಅಲ್ಲಿ ಒಂದೇ. ಎರಡನೆಯದು, ತೀರ್ಮಾನ. ಗಂಡನನ್ನು ಊಟದಿಂದ ಎಬ್ಬಿಸಬಹುದಿತ್ತು, ಕೂಗಿಕೊಳ್ಳಬಹುದಿತ್ತು, ಓಡಬಹುದಿತ್ತು. ಯಾರನ್ನೂ ಕೇಳದೆ, ಯಾರೂ ಹೇಳದೆ ಅವಳು ಕಿಂಡಿಯ ಪಕ್ಕ ನಿಂತಳು. ಆ ಒಂದು ಗಳಿಗೆಯ ತೀರ್ಮಾನದಲ್ಲಿ ಇಡೀ ವ್ಯಕ್ತಿ ಕಾಣುತ್ತಾಳೆ. ಹೀಗೆ ಪೂರ್ತಿ ಕಂಡವಳಿಗೆ ಮುಂದಿನ ಬೆಳವಣಿಗೆ ಇಲ್ಲದಿದ್ದರೂ ನಡೆಯುತ್ತದೆ. ರಾಜಿಗೆ ಐದಾರು ಗಂಟೆ ಕೊಟ್ಟರೂ ಆ ಒಂದು ಗಳಿಗೆ ಸಿಗಲಿಲ್ಲ.

ಬೆಳವಣಿಗೆಯನ್ನು ಕೈಗೇ ಕಲಿಸಿದ ಆಟಗಳೂ ಇವೆ. 2018ರಲ್ಲಿ ಬಂದ ‘ಸೆಲೆಸ್ಟ್’ ಅಂಥದು. ಮ್ಯಾಡಲಿನ್ ಎಂಬ ಹುಡುಗಿ ಪರ್ವತ ಹತ್ತಲು ಹೊರಡುತ್ತಾಳೆ. ಮನಸ್ಸಿನ ದಿಗಿಲು ಅವಳನ್ನು ಕಾಡುತ್ತದೆ. ಆ ದಿಗಿಲೇ ಅವಳದೇ ರೂಪದ ಇನ್ನೊಬ್ಬಳಾಗಿ ಬಂದು ‘ನಿನ್ನಿಂದಾಗದು’ ಎಂದು ಅಟ್ಟಿಸಿಕೊಂಡು ಬರುತ್ತದೆ. ಬಹಳ ಹೊತ್ತು ಅವಳು ಅದರಿಂದ ತಪ್ಪಿಸಿಕೊಳ್ಳಲು ಓಡುತ್ತಾಳೆ, ಬೀಳುತ್ತಾಳೆ, ಮತ್ತೆ ಹತ್ತುತ್ತಾಳೆ. ಕೊನೆಯ ಹಂತಕ್ಕೆ ಮೊದಲು ಓಡುವುದನ್ನು ಬಿಟ್ಟು ಅದರ ಜೊತೆ ಮಾತಾಡುತ್ತಾಳೆ, ರಾಜಿಯಾಗುತ್ತಾಳೆ. ಅಲ್ಲಿಯ ತನಕ ಗಾಳಿಯಲ್ಲಿ ಒಂದೇ ಸಲ ಚಿಮ್ಮಲು ಬರುತ್ತಿದ್ದವಳಿಗೆ ಆಮೇಲೆ ಎರಡು ಸಲ ಚಿಮ್ಮಲು ಬರುತ್ತದೆ. ಕಥೆ ಹೇಳಿದ್ದನ್ನೇ ಆಡುವವರ ಬೆರಳೂ ಹೇಳಿತು. ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆಯಲ್ಲಿ ಸಂಕಟವಾಗಿ ಕೂತ ಹುಡುಗ ಹುಡುಗಿಯರಿಗೆ ಈ ಆಟ ಹೇಳುವ ಮಾತು ಉಪದೇಶವಾಗಿ ಕೇಳುವುದಿಲ್ಲ, ಅನುಭವವಾಗಿ ತಟ್ಟುತ್ತದೆ.

ಚನ್ನಗಿರಿಯ ಇಬ್ಬರು

ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಎನ್ನುತ್ತಾರೆ. ಗಂಡ ಸೋಮಶೇಖರ ನಾಯಕನ ಕಾಲದಲ್ಲೇ ರಾಜ್ಯ ಅಲ್ಲಾಡಿತ್ತು. ಅವನ ಮರಣದ ನಂತರ 1671ರ ಸುಮಾರಿಗೆ ಪಟ್ಟಕ್ಕೆ ಬಂದು ಸುಮಾರು 25 ವರ್ಷ ಆಳಿದಳು, ಮಕ್ಕಳಿಲ್ಲದ್ದರಿಂದ ಬಸಪ್ಪನನ್ನು ದತ್ತು ತೆಗೆದುಕೊಂಡು ಬೆಳೆಸಿದಳು. ಅವಳ ಬದುಕಿನ ದೊಡ್ಡ ಗಳಿಗೆ 1689ರಲ್ಲಿ ಬಂತು. ಮೊಗಲರಿಂದ ತಲೆಮರೆಸಿಕೊಂಡು ದಕ್ಷಿಣಕ್ಕೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮ ಆಶ್ರಯ ಕೇಳಿದ. ಕೊಟ್ಟರೆ ಔರಂಗಜೇಬನ ಸೇನೆ ಮನೆ ಬಾಗಿಲಿಗೆ ಬರುತ್ತದೆ, ಕೊಡದಿದ್ದರೆ ಮರೆಹೊಕ್ಕವನನ್ನು ಕೈಬಿಟ್ಟಂತೆ. ಅವಳು ಕೊಟ್ಟಳು. ಸೇನೆ ಬಂತು. ಕಾದಿದಳು, ರಾಜ್ಯ ಉಳಿಸಿಕೊಂಡಳು. ಗಂಡನ ನೆರಳಿನಲ್ಲಿದ್ದ ರಾಣಿ ಬಾದಶಹನಿಗೆ ಎದುರು ನಿಲ್ಲುವ ದೊರೆಯಾದದ್ದು ಒಂದು ದಿನದ ಕೆಲಸವಲ್ಲ. ಪಾತ್ರದ ಬೆಳವಣಿಗೆ ಎಂದರೆ ಇದು: ತಾನೇ ಮಾಡಿದ ತೀರ್ಮಾನ, ಅದರ ಬೆಲೆ, ಆ ಬೆಲೆ ತೆರಲು ಬೇಕಾದ ಬಲ.

ಇನ್ನೊಬ್ಬಳು ಇತಿಹಾಸದವಳಲ್ಲ, ಐತಿಹ್ಯದವಳು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂದು ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಸಾವಿರ ಅಡಿಗಿಂತ ಕಡಿಮೆ ಉದ್ದದ ಏರಿ ಕಟ್ಟಿ, ಅಷ್ಟು ದೊಡ್ಡ ಕೆರೆಯ ನೀರನ್ನು ನಿಲ್ಲಿಸಿದ ಜಾಣ್ಮೆ ಅದು. ಕಟ್ಟಿಸಿದವಳು ಶಾಂತವ್ವ ಎಂಬ ರಾಜಕುಮಾರಿ ಎನ್ನುತ್ತದೆ ಜನಪದರ ಕಥೆ. ಹೇಳುವವರಿಗೆ ತಕ್ಕಂತೆ ಕಥೆ ಅಷ್ಟಿಷ್ಟು ಬದಲಾಗುತ್ತದೆ, ತಿರುಳು ಹೀಗಿದೆ. ಸಿದ್ಧೇಶ್ವರ ಎಂಬವನನ್ನು ಮೆಚ್ಚಿ ಮನೆ ಬಿಟ್ಟು ಹೋದವಳು ಹಿಂತಿರುಗಿದಾಗ ತಂದೆಯ ಎದುರು ನಿಲ್ಲಬೇಕಾಯಿತು. ಅಂಟಿದ ಅಪವಾದ ತೊಳೆಯಲು ಕೆರೆ ಕಟ್ಟಿಸುತ್ತೇನೆಂದು ಹೊರಟಳು. ನೀರು ನಿಲ್ಲಬೇಕಾದ ಜಾಗ ವೇಶ್ಯೆಯರ ಕೇರಿಯಾಗಿತ್ತು. ಜಾಗ ಬಿಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರಿರಬೇಕು ಎಂದರು ಅವರು. ಶಾಂತವ್ವ ಒಪ್ಪಿದಳು. ತನ್ನ ಹೆಸರಿನ ಕಳಂಕ ತೊಳೆಯಲು ಹೊರಟವಳು, ಕಟ್ಟಿಸಿದ ಕೆರೆಗೆ ಊರು ಮುಖ ತಿರುಗಿಸುವ ಹೆಂಗಸರ ಹೆಸರನ್ನು ಇಡಲು ಒಪ್ಪಿದಳು! ಹೊರಟಾಗಿನ ಶಾಂತವ್ವನೇ ಬೇರೆ, ಒಪ್ಪಿದ ಶಾಂತವ್ವನೇ ಬೇರೆ. ನಡುವೆ ಅವಳ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ಕಥೆ ಹೇಳುವುದಿಲ್ಲ, ಕೇಳುವವರ ಊಹೆಗೆ ಬಿಡುತ್ತದೆ.

‘ಎಲ್ಲ ಕೊಟ್ಟಿದ್ದೀವಲ್ಲ’

ಆಟದ ನಾಯಕಿಯ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ ಎಂದು ಯಾವುದಾದರೂ ತಾಯಿ ಕೇಳಿದರೆ ಉತ್ತರ ಅವರ ಮನೆಯಲ್ಲೇ ಇದೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಮುಂದೆ ದೇವರುಗಳು ಪ್ರತ್ಯಕ್ಷರಾಗುತ್ತಾರೆ. ಅಪ್ಪ ದಾವಣಗೆರೆಯ ಕಾಲೇಜಿನಲ್ಲಿ ಸೈನ್ಸ್ ಸೀಟು ಹಿಡಿದು ಬರುತ್ತಾರೆ. ಮಾವ ಹಾಸ್ಟೆಲ್ ನೋಡುತ್ತಾರೆ. ಅಣ್ಣ ಕೋಚಿಂಗಿಗೆ ಹೆಸರು ಬರೆಸುತ್ತಾನೆ. ಹೊಸ ಬ್ಯಾಗು, ಹೊಸ ಮೊಬೈಲು, ಒಂದೊಂದೇ ಆಯುಧ ಕೈಗೆ ಬರುತ್ತದೆ. ಅವಳ ಬಗ್ಗೆ ದೊಡ್ಡವರು ಅವಳೆದುರೇ ಮಾತಾಡಿಕೊಳ್ಳುತ್ತಾರೆ: ‘ಇವಳು ಗೆಲ್ತಾಳೆ ಬಿಡು, ಛಲ ಐತೆ.’ ಅವಳು ಸುಮ್ಮನಿದ್ದರೆ ‘ಎಲ್ಲ ಕೊಟ್ಟಿದ್ದೀವಲ್ಲ, ಇನ್ನೇನು ಬೇಕವ್ವ?’ ಎಂಬ ಪ್ರಶ್ನೆ. ಅವಳು ಬೇಡುತ್ತಿರುವುದು ಇನ್ನೊಂದು ಆಯುಧವನ್ನಲ್ಲ, ‘ಯಾಕೆ?’ ಎಂದು ಒಂದು ಸಲ ಕೇಳುವ ಜಾಗವನ್ನು. ಆ ಜಾಗ ಸಿಗದಿದ್ದರೆ ಅವಳು ಗೆದ್ದರೂ ಆ ಗೆಲುವು ಅವಳದಾಗುವುದಿಲ್ಲ, ಸೋತರೆ ಸೋಲು ಮಾತ್ರ ಅವಳದಾಗುತ್ತದೆ.

ತಂದೆ-ತಾಯಿಯರನ್ನು ಇಲ್ಲಿ ಕಟಕಟೆಗೆ ನಿಲ್ಲಿಸುವುದು ಸುಲಭ, ಆದರೆ ನ್ಯಾಯವಲ್ಲ. ಒಂದರ ಹಿಂದೆ ಒಂದು ಕೊಳವೆಬಾವಿ ಬತ್ತಿದ್ದನ್ನು ಕಂಡ ಜಗಳೂರಿನ ರೈತ, ಮಗಳಿಗೆ ಮಳೆಯನ್ನು ನಂಬದ ಒಂದು ನೌಕರಿ ಸಿಗಲಿ ಎಂದು ಹಂಬಲಿಸಿದರೆ ಅವನು ರಾಕ್ಷಸನಲ್ಲ. ಅವನ ಸಲಹೆ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆದರೆ ಸರಿಯಾದ ಸಲಹೆಗೂ ಮಗಳ ಒಪ್ಪಿಗೆಗೂ ನಡುವೆ ಒಂದು ವಾದ ನಡೆಯಬೇಕು. ಸೇವಾಲಾಲರು ದೇವಿಯೊಡನೆ ನಡೆಸಿದ್ದು ಅದನ್ನೇ. ವಾದ ಮುಗಿದು ಅವಳು ಅಪ್ಪ ಹೇಳಿದ್ದನ್ನೇ ಆರಿಸಿದರೂ ಆಗ ಅದು ಅವಳ ಆಯ್ಕೆ. ಅದೇ ಹೊತ್ತಿಗೆ ಮಕ್ಕಳೂ ಒಂದು ಮಾತು ನೆನಪಿಡಬೇಕು. ‘ಒಲ್ಲೆ’ ಎನ್ನುವುದೇ ತೀರ್ಮಾನವಲ್ಲ. ಚೆನ್ನಮ್ಮ ಆಶ್ರಯ ಕೊಟ್ಟು ಒಳಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ, ಸೇನೆ ಬಂದಾಗ ಎದುರು ನಿಂತಳು. ಆರಿಸಿದವರು ಅದರ ಬೆಲೆಯನ್ನೂ ತೆರಬೇಕು.

ಆದ್ದರಿಂದ ಮುಂದಿನ ಸಲ ಮಗಳೋ ಮಗನೋ ಮೊಬೈಲು ಹಿಡಿದು ಕೂತಾಗ ‘ಕೆಳಗಿಡು’ ಎನ್ನುವ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕೂರಬಹುದು. ‘ಇವಳು ಯಾರು? ಇವಳಿಗೆ ಏನು ಬೇಕು? ಇವಳು ತಾನಾಗಿ ಏನು ತೀರ್ಮಾನ ಮಾಡಿದಳು?’ ಎಂದು ಕೇಳಬಹುದು. ಮೊದಲೆರಡಕ್ಕೆ ಉತ್ತರ ಥಟ್ಟನೆ ಬರುತ್ತದೆ. ಮೂರನೆಯದಕ್ಕೆ ಮಕ್ಕಳು ತಡವರಿಸಿದರೆ ಅಲ್ಲಿಂದ ಒಳ್ಳೆಯ ಮಾತುಕತೆ ಹುಟ್ಟುತ್ತದೆ, ಅದು ಆಟದ ನಾಯಕಿಗಷ್ಟೇ ನಿಲ್ಲುವುದೂ ಇಲ್ಲ. ಮೊಬೈಲು ಆಮೇಲೆ ಕೆಳಗಿಡಿಸಿದರಾಯಿತು.

ಕಂಪ್ಯೂಟರ್ ಓದಿದ ಮಕ್ಕಳು ಈ ತಾಲ್ಲೂಕುಗಳಲ್ಲಿ ಈಗ ಮನೆಮನೆಗೂ ಇದ್ದಾರೆ. ಅವರಲ್ಲೊಬ್ಬರು ಎಂದಾದರೂ ಶಾಂತವ್ವನ ಆಟ ಕಟ್ಟಿದರೆ, ಏರಿ ಕಟ್ಟುವುದನ್ನು, ಕಲ್ಲು ಹೊರಿಸುವುದನ್ನು, ತೂಬು ಕೂರಿಸುವುದನ್ನು ಕೈಗೆ ಕಲಿಸಬಹುದು. ಅದೆಲ್ಲ ಹೇಗೋ ಆಗುತ್ತದೆ. ಕಷ್ಟದ ಜಾಗ ಒಂದೇ. ಕೇರಿಯ ಹೆಂಗಸರು ತಮ್ಮ ಷರತ್ತು ಹೇಳಿ ಮುಗಿಸಿದ್ದಾರೆ, ಶಾಂತವ್ವ ಸುಮ್ಮನೆ ನಿಂತಿದ್ದಾಳೆ. ಅಲ್ಲಿ ದೇವರ ದನಿ ಕೇಳಿಸಬಾರದು, ಬಾಣದ ಗುರುತು ದಾರಿ ತೋರಬಾರದು. ಒಪ್ಪುವುದೋ ಬಿಡುವುದೋ ಎಂಬುದನ್ನು ಆಡುವ ಹುಡುಗಿಯ ಬೆರಳಿಗೇ ಬಿಡಬೇಕು. ಕಾಗದ ಪತ್ರಗಳಲ್ಲಿ ಆ ಕೆರೆ ಈಗ ಶಾಂತಿಸಾಗರ. ಚನ್ನಗಿರಿಯ ಜನ ಇಂದಿಗೂ ಸೂಳೆಕೆರೆ ಎಂದೇ ಕರೆಯುತ್ತಾರೆ, ಒಮ್ಮೆ ಕೊಟ್ಟ ಮಾತನ್ನು ಉಳಿಸಿಕೊಂಡು ಬಂದವರ ಹಾಗೆ.